ಹೊಗಳಿದ ಕೂಸು

ನನ್ನ ಸೊಸೆ ತೆಬುರೆಯಾ ಸಮಾಜಸೇವಕಿಯಾಗುವ ತರಬೇತಿಗೆ ಸೇರಿದ ಮೊದಲ ವಾರವೇ, ಸಂಜೆ ಮನೆಗೆ ಬಂದವಳು ಅಂಗಳದಲ್ಲಿ ನಿಂತು, "ಅತ್ತೆ, ನೀವು ಗುಡಿಸಿದ ಮರಳು ಎಷ್ಟು ಚೆಂದ ಕಾಣುತ್ತೆ" ಅಂದಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಆ ಬಾಯಿಂದ ಇಂಥ ಮಾತು ಉದುರಿರಲಿಲ್ಲ. ನಾನು ಪೊರಕೆ ಕೆಳಗಿಟ್ಟೆ.

"ಏನು ಬೇಕಾಗಿತ್ತು?"

"ಏನೂ ಬೇಡ ಅತ್ತೆ. ಅಭ್ಯಾಸ ಮಾಡ್ತಿದೀನಿ."

"ಅತ್ತೇನ ಹೊಗಳೋಕೆ ಅಭ್ಯಾಸ ಬೇರೆ ಬೇಕೇನೇ?"

ಅವಳು ನಗುತ್ತ ಜಗಲಿ ಹತ್ತಿ ಕೂತಳು. ಆಸ್ಟ್ರೇಲಿಯಾದಿಂದ ಬಂದ ಪುಸ್ತಕದಲ್ಲಿ ಹಾಗೆ ಬರೆದಿದೆಯಂತೆ. ಕಷ್ಟದಲ್ಲಿರುವವರ ಮನೆಗೆ ಹೋದಾಗ ಬಾಯಿಬಿಟ್ಟ ಕೂಡಲೇ ಪ್ರಶ್ನೆ ಕೇಳಬಾರದು. ಆ ಮನೆಯಲ್ಲಿ ಒಳ್ಳೆಯದೇನಿದೆ ಎಂದು ಹುಡುಕಿ ಮೊದಲು ಅದನ್ನು ಹೊಗಳಬೇಕು. ಆಗ ಬಿಗಿದುಕೊಂಡ ಹೆಗಲು ಸಡಿಲವಾಗಿ ಜನ ಮನಸ್ಸು ಬಿಚ್ಚುತ್ತಾರೆ.

"ಆಸ್ಟ್ರೇಲಿಯಾದಲ್ಲಿ ಹೆಗಲು ಸಡಿಲ ಆಗ್ಬಹುದು" ಎಂದೆ. "ಇಲ್ಲಿ ಕೈ ಸಡಿಲ ಆಗುತ್ತೆ, ನೋಡ್ತಿರು."

ನಾನೇನು ಭವಿಷ್ಯ ಹೇಳುವವಳಲ್ಲ. ನಮ್ಮ ಈ ತರಾವಾ ದ್ವೀಪದಲ್ಲಿ ಹುಟ್ಟಿದ ಯಾರಿಗಾದರೂ ಗೊತ್ತಿರುವ ಮಾತು ಅದು. ನೆಂಟರ ಮನೆಯ ವಸ್ತುವನ್ನು ಚೆನ್ನಾಗಿದೆ ಅಂದರೆ ಕೇಳಿದ ಹಾಗೆ. ಕೇಳಿದ ಮೇಲೆ ಇಲ್ಲ ಅನ್ನುವಂತಿಲ್ಲ. ಇಲ್ಲ ಅಂದವರು ಮತ್ತೆ ಊರಲ್ಲಿ ಮುಖ ಎತ್ತಿಕೊಂಡು ಓಡಾಡುವಂತಿಲ್ಲ. ಇಂಥ ಕೇಳಿಕೆಗೆ ಬುಬುಸಿ ಎನ್ನುತ್ತೇವೆ. ನೆಂಟರಲ್ಲದವರಿಗೆ ಇದು ಅನ್ವಯಿಸುವುದಿಲ್ಲ, ನಿಜ. ಆದರೆ ಈ ಉದ್ದನೆಯ ಮರಳುಪಟ್ಟಿಯ ಮೇಲೆ ನೆಂಟರಲ್ಲದವರು ಯಾರಿದ್ದಾರೆ?

ಎರಡನೆಯ ವಾರದ ಹೊತ್ತಿಗೆ ತರಬೇತಿಯ ಹುಡುಗಿಯರು ಭೇಟಿಗೆ ಹೋದ ಮನೆಗಳಿಂದ ಬರಿಗೈಲಿ ಬರುವುದೇ ನಿಂತುಹೋಯಿತು. ಒಬ್ಬಳು ಕೋಳಿ ಹಿಡಿದುಕೊಂಡು ಬಂದಳು. ಇನ್ನೊಬ್ಬಳು ಅನ್ನದ ಪಾತ್ರೆಯನ್ನೇ ಹೊತ್ತುಕೊಂಡು ಬಂದಳು, ಆ ಮನೆಯಲ್ಲಿ ಇದ್ದ ಒಂದೇ ಪಾತ್ರೆ. ತರಗತಿಯಲ್ಲಿ ನಕ್ಕಿದ್ದೇ ನಕ್ಕಿದ್ದಂತೆ. ಪಾಠ ಹೇಳುವ ಮಾರೆವೇಯಾ ಮಾತ್ರ ನಗಲಿಲ್ಲ. ಕೋಳಿ, ಪಾತ್ರೆ ಎಲ್ಲವನ್ನೂ ವಾಪಸು ಕಳಿಸಿದಳು.

ಮಾರೆವೇಯಾ ನಮ್ಮವಳೇ. ಅಪ್ಪ ಪಾದ್ರಿಯಾಗಿದ್ದ, ಅವನ ಜೊತೆ ಸಣ್ಣವಳಿದ್ದಾಗಲೇ ಫಿಜಿಗೆ ಹೋಗಿ, ಅಲ್ಲಿ ಓದಿ, ಆಮೇಲೆ ಆಸ್ಟ್ರೇಲಿಯಾದಲ್ಲೂ ಓದಿ, ಊರಿನ ಋಣ ತೀರಿಸುತ್ತೇನೆಂದು ಬಂದವಳು. ಒಳ್ಳೆಯ ಹೆಣ್ಣು. ಆ ಪುಸ್ತಕವನ್ನು ಕಣ್ಣುಮುಚ್ಚಿ ನಂಬಿದವಳೂ ಅಲ್ಲ. ನಮಗೆ ಹೊಂದುವ ಹಾಗೆ ತಿದ್ದಿಕೊಳ್ಳೋಣ ಎಂದು ತಾನೇ ಹೇಳಿದಳಂತೆ. ತಿದ್ದಿದ್ದು ಹೀಗೆ: ಕೈಯೆತ್ತಿ ಕೊಡಬಹುದಾದ ವಸ್ತುವನ್ನು ಹೊಗಳಲೇಬೇಡಿ. ಕೊಡಲಾಗದ್ದನ್ನು ಹೊಗಳಿ. ಮನುಷ್ಯರನ್ನು ಹೊಗಳಿ, ಮಗುವನ್ನು ಹೊಗಳಿ.

ತರಗತಿಯಲ್ಲಿದ್ದವರೆಲ್ಲ ತಲೆ ಆಡಿಸಿದರು. ಅವರಲ್ಲಿ ಅರ್ಧದಷ್ಟು ಜನ ಒಂದು ಮನೆಯಲ್ಲಿ ಹುಟ್ಟಿ ಇನ್ನೊಂದು ಮನೆಗೆ ಕೇಳಿ ತಂದ ಮಕ್ಕಳೇ. ನನ್ನ ಯಜಮಾನರನ್ನು ಅವರ ದೊಡ್ಡಜ್ಜಿ ಕೇಳಿ ಪಡೆದದ್ದು, ಅವರಿನ್ನೂ ಹೊಟ್ಟೆಯಲ್ಲಿದ್ದಾಗ. ಆ ಸಂಜೆ ಮೀನು ಸುಡುತ್ತ ತೆಬುರೆಯಾ ಇದನ್ನೆಲ್ಲ ಹೇಳಿದಾಗ ನಾನೂ, "ಪರವಾಗಿಲ್ಲ, ಬುದ್ಧಿ ಇದೆ ಆ ಟೀಚರಮ್ಮಂಗೆ" ಎಂದೆ. ಎಲ್ಲರ ಮೂಗಿನ ಕೆಳಗೇ ಇದ್ದದ್ದು ಯಾರ ಕಣ್ಣಿಗೂ ಬೀಳಲಿಲ್ಲ.

ತೆಬುರೆಯಾಗೆ ಕೊಟ್ಟ ಮನೆ ಅಕೆನೆತೆಯದು. ನಮ್ಮ ಊರಿನದೇ, ಒಳಕಡಲ ದಡದ ಕೊನೆಯಲ್ಲಿ, ತಗಡಿನ ಒಂದು ಗುಡಿಸಲು. ಗಂಡ ಹೊರದೇಶದ ಮೀನು ದೋಣಿಯಲ್ಲಿ ದುಡಿಯುತ್ತಾನೆ. ಬರುತ್ತಾನೋ ಇಲ್ಲವೋ ದೇವರಿಗೇ ಗೊತ್ತು. ಮೊಲೆ ಬಿಡದ ಒಂದು ಹೆಣ್ಣು ಮಗು, ರೂತಾ. ಮಗುವಿನ ತೂಕ ಏರುತ್ತಿಲ್ಲ, ಮೈಮೇಲೆ ಹುಣ್ಣು ಒಣಗುತ್ತಿಲ್ಲ ಎಂದು ದವಾಖಾನೆಯವರು ಹೇಳಿ ಕಳಿಸಿದ್ದರು. ತಾಯಿ ಸರಿಯಾಗಿ ನೋಡಿಕೊಳ್ಳುತ್ತಾಳೋ ಇಲ್ಲವೋ ತಿಳಿಯಬೇಕಿತ್ತು.

ಮೊದಲ ಸಲ ಹೋದಾಗ ಅಕೆನೆತೆ ಬಾಗಿಲಿಗೆ ಚಾಪೆ ಎಳೆದುಕೊಂಡು ಒಳಗೇ ಕೂತಳಂತೆ. ತೆಬುರೆಯಾ ಸಪ್ಪೆ ಮುಖ ಹಾಕಿಕೊಂಡು ಬಂದಳು. ನಾನು ಸುಮ್ಮನಿರಬಾರದಿತ್ತೆ?

"ಅಯ್ಯೋ ಪೆದ್ದಿ" ಎಂದೆ. "ಅವಳ ಅಜ್ಜಿ ಒನೊಟೊವಾ ದ್ವೀಪದವಳು, ನನ್ನ ಅಮ್ಮನ ಕಡೆ. ಸರ್ಕಾರದವಳು ಅಂತ ಹೋದ್ರೆ ಯಾರು ಬಾಗಿಲು ತೆಗೀತಾರೆ? ಇಂಥವರ ಸೊಸೆ ಅಂತ ಹೇಳು."

ಹೇಳಿದಳು. ಬಾಗಿಲು ತೆರೆಯಿತು. ಅಕೆನೆತೆ ಅವಳನ್ನು ಅಕ್ಕ ಎಂದು ಕರೆದಳು. ಮಗುವನ್ನು ತೊಡೆಯ ಮೇಲೆ ಕೊಟ್ಟಳು. ಅಲ್ಲಿಗೆ ಅವರು ನೆಂಟರಾದರು, ನನ್ನಿಂದ.

ಆಮೇಲೆ ವಾರಕ್ಕೆರಡು ಸಲ ಹೋಗತೊಡಗಿದಳು. ಬಂದವಳ ಬಾಯಲ್ಲಿ ಆ ಕೂಸಿನದೇ ಮಾತು. ಹುಣ್ಣಿಗೆ ಮುಲಾಮು ಹಚ್ಚಿದೆ ಅತ್ತೆ, ಅಳಲೇ ಇಲ್ಲ. ಏಡಿ ಕಂಡರೆ ಕೈತಟ್ಟಿ ನಗ್ತಾಳೆ ಅತ್ತೆ. ಇಂಥ ಕಣ್ಣು ನಾನು ಯಾವ ಮಗೂಗೂ ನೋಡಿಲ್ಲ, ಹಾಗಂತ ಅಕೆನೆತೆಗೆ ಹೇಳಿದೆ. ನನಗೂ ಇಂಥದೊಂದಿದ್ದಿದ್ರೆ ಅಂತ ಹೇಳಿದೆ.

ನಾನು ತೆಂಗಿನಕಾಯಿ ತುರಿಯುತ್ತ ಕೇಳಿಸಿಕೊಳ್ಳುತ್ತಿದ್ದೆ. ನನ್ನ ಮಗ ಜರ್ಮನಿಯವರ ಹಡಗಿನಲ್ಲಿದ್ದಾನೆ. ವರ್ಷದಲ್ಲಿ ಒಂದಿಷ್ಟು ದಿನ ಬರುತ್ತಾನೆ, ಹೋಗುತ್ತಾನೆ. ಇವಳ ಮಡಿಲು ಬರಿದಾಗಿಯೇ ಇದೆ. ಆ ಬಗ್ಗೆ ನನ್ನ ನಾಲಿಗೆ ಏನೆಲ್ಲ ಆಡಿದೆ ಎಂಬುದು ನನಗೂ ಗೊತ್ತು, ಅವಳಿಗೂ ಗೊತ್ತು. ಬಾವಿಕಟ್ಟೆಯಲ್ಲಿ ನಾಲ್ಕು ಜನರ ಮುಂದೆ, "ನಮ್ಮನೇಲಿ ಹಂದಿ ಮಾತ್ರ ಮರಿ ಹಾಕುತ್ತೆ" ಅಂದದ್ದೂ ಉಂಟು. ಅಂದವಳಿಗೆ ಆ ಮಾತು ಮರೆತುಹೋಗುತ್ತದೆ, ಕೇಳಿದವಳಿಗೆ ಮರೆಯುವುದಿಲ್ಲ. ಹಾಗಾಗಿ ಅವಳು ಆ ಮಗುವಿನ ಸುದ್ದಿ ಹೇಳಿ ಮುಖ ಅರಳಿಸಿಕೊಂಡಾಗ ತಡೆಯಲು ನನಗೆ ಬಾಯಿ ಬರಲಿಲ್ಲ.

ಒಂದು ಭಾನುವಾರ ಮಧ್ಯಾಹ್ನ ತೆಬುರೆಯಾ ಹಾಡಿನ ತಾಲೀಮಿಗೆ ಚರ್ಚಿಗೆ ಹೋಗಿದ್ದಳು. ನಾನೊಬ್ಬಳೇ ಜಗಲಿಯ ಮೇಲೆ ಕೇದಗೆಯ ಗರಿ ಸೀಳುತ್ತಿದ್ದೆ. ಅಕೆನೆತೆ ಬಂದಳು. ಕಂಕುಳಲ್ಲಿ ಮಗು, ತಲೆಯ ಮೇಲೆ ಸುತ್ತಿದ ಹೊಸ ಚಾಪೆ. ಮಗುವಿಗೆ ಸ್ನಾನ ಮಾಡಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ತಲೆಗೆ ಹೂವಿನ ದಂಡೆ ಕಟ್ಟಿದ್ದಳು. ಹುಣ್ಣೆಲ್ಲ ಒಣಗಿತ್ತು.

"ಬಾರಮ್ಮ, ಮೇಲೆ ಬಾ" ಎಂದೆ.

ಅವಳು ಮೇಲೆ ಬರಲಿಲ್ಲ. ಕೆಳಗೆ ಮರಳಿನಲ್ಲೇ ಕೂತು, ಚಾಪೆಯನ್ನು ಜಗಲಿಯ ಅಂಚಿಗೆ ಸರಿಸಿ, ಅದರ ಮೇಲೆ ಮಗುವನ್ನು ಕೂರಿಸಿದಳು. ಪಕ್ಕದಲ್ಲಿ ಮಡಿಸಿದ ಎರಡು ಫ್ರಾಕು ಇಟ್ಟಳು.

"ದೊಡ್ಡಮ್ಮ, ಅಕ್ಕ ಎಷ್ಟೋ ದಿನದಿಂದ ಕೇಳ್ತಿದ್ರು. ನಾನೇ ತಡ ಮಾಡ್ಬಿಟ್ಟೆ. ತಪ್ಪು ತಿಳ್ಕೋಬೇಡಿ."

ನನಗೆ ಆ ಕ್ಷಣವೇ ತಿಳಿಯಿತು. ಎಲ್ಲವೂ ತಿಳಿಯಿತು, ಮಾರೆವೇಯಾಳ ಪಾಠ, ನಮ್ಮ ಪೆದ್ದುತನ, ಎಲ್ಲ. "ಇಲ್ಲಮ್ಮ, ಅದು ಹಾಗಲ್ಲ" ಎಂದು ಬಾಯಿ ತೆರೆಯಬೇಕಿತ್ತು. ಅಷ್ಟರಲ್ಲಿ ಮಗು ನನ್ನ ಕಡೆಗೆ ಎರಡೂ ಕೈ ಚಾಚಿತು. ನಾನು ಎತ್ತಿಕೊಂಡೆ. ಎತ್ತಿಕೊಂಡು ಅಕೆನೆತೆಗೆ ಏನೆಂದೆ ಗೊತ್ತೇ? "ದೇವರು ನಿನ್ನ ಚೆನ್ನಾಗಿಟ್ಟಿರಲಿ" ಎಂದೆ, ಕೊಟ್ಟದ್ದನ್ನು ಪಡೆದವರು ಹೇಳುವ ಮಾತು. ಅಲ್ಲಿಗೆ ಕೊಟ್ಟದ್ದು ಕೊಟ್ಟ ಹಾಗಾಯಿತು, ಪಡೆದದ್ದು ಪಡೆದ ಹಾಗಾಯಿತು.

ತೆಬುರೆಯಾ ಬಂದಾಗ ಅಕೆನೆತೆ ಇನ್ನೂ ಕೂತಿದ್ದಳು. ಸೊಸೆಯ ಕಣ್ಣು ಚಾಪೆಯ ಮೇಲೆ ಹೋಯಿತು, ಫ್ರಾಕಿನ ಮೇಲೆ ಹೋಯಿತು, ನನ್ನ ಹೆಗಲ ಮೇಲೆ ನಿದ್ದೆ ಹತ್ತುತ್ತಿದ್ದ ಮಗುವಿನ ಮೇಲೆ ನಿಂತಿತು. ಮುಖ ಬೂದಿಯಾಯಿತು.

"ಅಕ್ಕ, ನೀವು ಕೇಳಿದ್ದು" ಎಂದಳು ಅಕೆನೆತೆ. "ನನ್ನತ್ರ ಇದ್ರೆ ಸೊರಗ್ತಾಳೆ ಅಂತ ಬಾಯಿಬಿಟ್ಟು ಹೇಳದೇನೇ ಎಷ್ಟು ಮೆತ್ತಗೆ ತಿಳಿಸಿದ್ರಿ. ಬೇರೆಯವರಾಗಿದ್ರೆ ಊರೆಲ್ಲ ಡಂಗುರ ಸಾರಿರೋರು. ನಂಗೆ ಅರ್ಥ ಆಯ್ತು."

ಇವಳು ಏನು ಹೇಳಬೇಕು? ಕೇಳಲಿಲ್ಲ ಅಂದರೆ ಅವಳ ಮಗು ಬೇಡ ಅಂದ ಹಾಗೆ. ಕೇಳಿದೆ ಅಂದರೆ, ಕಷ್ಟಕ್ಕೆ ನೆರವಾಗಲು ಹೋದವಳು ಮಗುವನ್ನೇ ಕಿತ್ತುಕೊಂಡು ಬಂದ ಹಾಗೆ. ಅಕೆನೆತೆ ಎದ್ದು ಮರಳು ಕೊಡವಿಕೊಂಡು ಹೊರಟುಹೋದಳು. ಮಗುವಿನ ಕಡೆ ತಿರುಗಿ ನೋಡಲಿಲ್ಲ. ಹಾಗೆ ನೋಡಬಾರದು, ನೋಡಿದರೆ ಕೊಟ್ಟದ್ದಕ್ಕೆ ಹೊಟ್ಟೆ ಉರಿದುಕೊಂಡ ಹಾಗೆ.

ಮರುದಿನ ಬೆಳಿಗ್ಗೆ ಮಗುವಿಗೆ ಅನ್ನ ಕಿವುಚಿ ಮೀನಿನ ಸಾರು ಬೆರೆಸಿ ತಿನ್ನಿಸಿದೆ, ತಿಂದಿತು. ದೀವಿಹಲಸು ತಿಂದಿತು. ತಿಂದು ಮುಗಿಸಿ ದಾರಿ ನೋಡುತ್ತ ಕೂತಿತು. ಅತ್ತಿದ್ದರೆ ನನಗೆ ಒಳ್ಳೆಯದಿತ್ತು. ನಾನು ಅದನ್ನು ಆಡಿಸಿದೆ, ಹಾಡು ಹೇಳಿದೆ, ನನ್ನ ಹಳೆಯ ಎದೆ ಉಬ್ಬಿದ್ದೂ ಸುಳ್ಳಲ್ಲ. ತೆಬುರೆಯಾ ಮಾತ್ರ ಹತ್ತಿರ ಬರಲಿಲ್ಲ. ಮಗುವನ್ನು ಮುಟ್ಟಲೂ ಇಲ್ಲ. ತರಗತಿಗೆ ಹೊರಟು ನಿಂತವಳು, "ಅತ್ತೆ, ನೀವ್ಯಾಕೆ ತಗೊಂಡ್ರಿ?" ಎಂದಳು.

"ನೀನ್ಯಾಕೆ ಕೇಳ್ದೆ?" ಎಂದೆ ನಾನು.



ಅವಳು ಹೋದ ಮೇಲೆ ಮಗುವನ್ನು ಪಕ್ಕದ ಮನೆಯವಳ ಹತ್ತಿರ ಬಿಟ್ಟು ಬಾವಿಗೆ ಹೋದೆ. ಅಕೆನೆತೆ ಅಲ್ಲಿದ್ದಳು, ನನಗೆ ಬೆನ್ನು ಮಾಡಿ ನೀರು ಸೇದುತ್ತಿದ್ದಳು. "ದೊಡ್ಡಮ್ಮ" ಎಂದು ಮಾತಾಡಿಸಿ ತಿರುಗಿದಳು. ಅವಳ ರವಿಕೆಯ ಮುಂಭಾಗ ಎರಡೂ ಕಡೆ ಒದ್ದೆಯಾಗಿತ್ತು. ಬಾವಿಯ ನೀರಲ್ಲ. ನಾನೂ ಹೆತ್ತವಳು, ನನಗೆ ಅದು ಗೊತ್ತಾಗದೆ ಇರುತ್ತದೆಯೇ? ಅವಳು ನನ್ನ ಕಣ್ಣು ಎಲ್ಲಿದೆ ಎಂದು ಕಂಡು, ಬಿಂದಿಗೆಯನ್ನು ಎದೆಗೆ ಅಡ್ಡ ಹಿಡಿದುಕೊಂಡು, "ನೀರು ಚೆಲ್ಕೊಂಡೆ" ಎಂದಳು. ನಾನು, "ಹೌದು, ಹಗ್ಗ ಜಾರುತ್ತೆ" ಎಂದೆ. ನೀರು ಸೇದದೆ ಬರಿ ಬಿಂದಿಗೆ ಹಿಡಿದು, ಪಕ್ಕದವಳಿಂದ ಮಗುವನ್ನು ಎತ್ತಿಕೊಂಡು ಮನೆಗೆ ಬಂದೆ.

ಮಧ್ಯಾಹ್ನ ತೆಬುರೆಯಾ ಮಾರೆವೇಯಾಳನ್ನು ಕರೆದುಕೊಂಡು ಬಂದಳು. ಮಾರೆವೇಯಾ ನಮ್ಮ ಜಗಲಿ ಹತ್ತದೆ ತೆಂಗಿನ ಬುಡದಲ್ಲೇ ನಿಂತುಬಿಟ್ಟಳು.

"ನಾನೇ ಹೇಳಿಕೊಟ್ಟಿದ್ದು ದೊಡ್ಡಮ್ಮ" ಎಂದಳು. "ಮಗೂನ ಹೊಗಳಿ ಅಂದಿದ್ದು ನಾನೇ. ಇಡೀ ತರಗತಿಗೆ ಹೇಳ್ದೆ. ಈಗ ಒಬ್ಬೊಬ್ಬರ ಮನೆಗೂ ಓಡ್ಬೇಕು."

"ಓಡು ಮತ್ತೆ. ನಿನ್ನ ಅಪ್ಪನ್ನ ಯಾರು ಸಾಕಿದ್ರು ಅಂತ ಗೊತ್ತಾ ನಿಂಗೆ?"

"ಅವರ ಸೋದರಮಾವ."

"ಸುಮ್ಸುಮ್ನೆ ಸಾಕಿದ್ರಾ? ಕೇಳಿ ತಗೊಂಡಿದ್ದು. ನಿನ್ನ ಮನೇಲೇ ಇರೋ ಪಾಠ ಬಿಟ್ಟು ಎಲ್ಲಿ ಹೋಗಿ ಕಲಿತು ಬಂದ್ಯಮ್ಮ?"

ಅವಳು ಬೈಸಿಕೊಳ್ಳಲೆಂದೇ ಬಂದವಳ ಹಾಗೆ ನಿಂತಿದ್ದಳು. ಆಮೇಲೆ ಸಣ್ಣ ದನಿಯಲ್ಲಿ, "ನಾನೇ ಹೋಗಿ ಅಕೆನೆತೆಗೆ ಬಿಡಿಸಿ ಹೇಳ್ತೀನಿ. ಅದು ಕೇಳಿದ್ದಲ್ಲ, ಹಾಗೆ ಮಾತಾಡೋದು ನಮ್ಮ ಕೆಲಸದ ಒಂದು ರೀತಿ ಅಂತ" ಎಂದಳು.

"ಹಾಗಂದ್ರೆ, ಮಗೂನ ಹೊಗಳಿದ್ದು ಬರೀ ಪಾಠಕ್ಕೆ, ಪಾಠ ಮುಗೀತು, ಎತ್ಕೊಂಡ್ ಹೋಗು ಅಂತನಾ?" ಎಂದೆ. "ಒದ್ದೆ ರವಿಕೆ ಹಾಕ್ಕೊಂಡು ಓಡಾಡ್ತಿದಾಳೆ ಅವಳು. ಅವಳಿಗೆ ಹೋಗಿ ಇದನ್ನ ಹೇಳ್ತೀಯಾ?"

ಬಾವಿಯ ಹತ್ತಿರ ಕಂಡದ್ದನ್ನು ಹೇಳಬಾರದೆಂದಿದ್ದೆ. ಬಾಯಿಗೆ ಬಂದುಬಿಟ್ಟಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ತೆಬುರೆಯಾ ಜಗಲಿ ಹತ್ತಿದಳು. ನಮ್ಮನೆಗೆ ಬಂದ ಮೇಲೆ ಮೊದಲ ಸಲ ಮಗುವನ್ನು ಎತ್ತಿಕೊಂಡಳು. ಚಾಪೆ ಸುತ್ತಿ ಬಗಲಿಗಿಟ್ಟಳು. ಫ್ರಾಕುಗಳನ್ನು ನಾನು ತೆಗೆದುಕೊಂಡೆ. ಮಾರೆವೇಯಾ ಜೊತೆಗೆ ಹೆಜ್ಜೆ ಹಾಕಲು ನೋಡಿದಾಗ ಸೊಸೆ, "ಬೇಡ ಟೀಚರ್. ಇದು ನಂದು" ಎಂದಳು.

ಒಳಕಡಲ ನೀರು ಇಳಿದಿತ್ತು. ಅಕೆನೆತೆ ಗುಡಿಸಲ ಮುಂದೆ ತಟ್ಟಿಯ ಮೇಲೆ ಕೂತು ಚಿಪ್ಪುಮೀನು ಬಿಡಿಸುತ್ತಿದ್ದಳು. ನಮ್ಮನ್ನು ಕಂಡು ಕೈ ನಿಂತಿತು. ಮಗು ಅಮ್ಮನನ್ನು ಕಂಡು ಮೈಯೆಲ್ಲ ಕುಣಿಸಿತು. ಆದರೂ ಅಕೆನೆತೆ ಕೈ ಚಾಚಲಿಲ್ಲ.

"ಏನು ಕೊರತೆ ಆಯ್ತು ಅಕ್ಕ?" ಎಂದಳು. "ರಚ್ಚೆ ಹಿಡಿದ್ಲಾ? ಮೈಯೆಲ್ಲ ನೋಡಿ ಕಳಿಸಿದ್ನಲ್ಲ, ಹುಣ್ಣು ಒಂದೂ ಇರಲಿಲ್ಲ."

ಆ ಮಾತು ಕೇಳಿ ನನಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತೆಬುರೆಯಾ ತಟ್ಟಿಯ ಮೇಲೆ ಕೂರಲಿಲ್ಲ. ಅಕೆನೆತೆಯ ಕಾಲ ಹತ್ತಿರ, ಚಿಪ್ಪು ಬಿಸಾಕಿದ ಹಸಿ ಮರಳಿನಲ್ಲಿ ಕೂತಳು. ಸರ್ಕಾರದ ಹೆಸರು ಬರೆದ ಅಂಗಿಯಲ್ಲೇ ಕೂತಳು.

"ಕೊರತೆ ನನ್ನಲ್ಲಿ ಅಕೆನೆತೆ. ನೀನು ಸರಿಯಾಗಿ ನೋಡ್ಕೊಳ್ತಿಲ್ಲ ಅಂತ ನಾನು ಯಾವತ್ತೂ ಅಂದ್ಕೊಂಡಿಲ್ಲ. ಮೊದಲ ದಿನವೇ ಗೊತ್ತಾಯ್ತು, ನೀನು ತಿನ್ನದೆ ಇವಳಿಗೆ ತಿನ್ನಿಸ್ತೀಯ ಅಂತ. ನಿನಗೆ ಅಕ್ಕಿ ಬೇಕಿತ್ತು, ಔಷಧಿ ಬೇಕಿತ್ತು. ಅಷ್ಟೇ ಬರ್ಕೊಂಡು ಎದ್ದು ಹೋಗ್ಬೇಕಿತ್ತು ನಾನು."

"ಮತ್ತೆ?"

"ಮತ್ತೆ ಮತ್ತೆ ಬಂದೆ. ಕೆಲಸ ಇತ್ತು ಅಂತಲ್ಲ. ಇವಳನ್ನ ತೊಡೆ ಮೇಲೆ ಕೂರಿಸ್ಕೊಳ್ಳೋ ಆಸೆಗೆ. ನಂಗಿದ್ದಿದ್ರೆ ಅಂತ ನಿನ್ನ ಮುಂದೆ ಅಂದೆ. ಹಾಗಂದ್ರೆ ನಮ್ಮಲ್ಲಿ ಏನರ್ಥ ಅಂತ ಗೊತ್ತಿರಲಿಲ್ಲ ಅಂದ್ರೆ ಸುಳ್ಳಾಗುತ್ತೆ. ಗೊತ್ತಿತ್ತು. ಹೊಟ್ಟೆ ಒಳಗೆಲ್ಲೋ ಗೊತ್ತಿತ್ತು. ಕಲಿಸಿಕೊಟ್ಟ ಮಾತು, ಆಡಿದ್ರೆ ತಪ್ಪಿಲ್ಲ ಅಂತ ಅದರ ಮರೇಲಿ ಆಡ್ದೆ. ನನ್ನ ಮಾತು ನಂಗೆ ವಾಪಸ್ ಕೊಡು. ಬೇಡ್ಕೊಳ್ತೀನಿ."

ಅವಳು ಇಷ್ಟನ್ನು ನನ್ನ ಮುಂದೆ ಹೇಳಿದಳು. ಹಂದಿ ಮರಿ ಹಾಕುತ್ತೆ ಎಂದ ಈ ಅತ್ತೆಯ ಮುಂದೆ, ನನಗೆ ಮಗುವಿನ ಹಸಿವಿದೆ ಎಂದು ಬಾಯಿಬಿಟ್ಟು ಹೇಳಿದಳು. ನಾನು ಕೈಯಲ್ಲಿದ್ದ ಫ್ರಾಕನ್ನು ಸುಮ್ಮನೆ ಬಿಚ್ಚಿ ಮಡಿಸಿದೆ.

ಅಕೆನೆತೆ ಕೈಯಲ್ಲಿದ್ದ ಚಿಪ್ಪನ್ನು ಕೆಳಗಿಟ್ಟಳು. ಆಮೇಲೆ, "ನಂಗೂ ಗೊತ್ತಿತ್ತು ಅಕ್ಕ" ಎಂದಳು. "ಊರಲ್ಲಿ ಎಲ್ಲರಿಗೂ ಗೊತ್ತು, ನಿಮ್ಮ ಪುಸ್ತಕದಲ್ಲಿ ಹೊಗಳೋಕೆ ಹೇಳಿದೆ ಅಂತ. ಕೋಳಿ ಕಥೆ ಕೇಳಿ ನಾನೂ ನಕ್ಕಿದೀನಿ. ನಿಮ್ಮದು ಪುಸ್ತಕದ ಮಾತಾಗಿದ್ದಿದ್ರೆ ನಾನೂ ಒಂದು ಕೋಳಿ ಕೊಟ್ಟು ಕಳಿಸಿರ್ತಿದ್ದೆ. ನಿಮ್ಮದು ನಿಜ ಅಂತ ಗೊತ್ತಾಗಿದ್ದಕ್ಕೇ ಮಗು ಕೊಟ್ಟೆ."

ಹೇಳಿ ಕೈ ಚಾಚಿದಳು. ಮಗು ಹಾರಿಕೊಂಡು ಹೋಯಿತು. ರವಿಕೆ ಎತ್ತಿ ಎದೆಗೆ ಹಾಕಿಕೊಂಡಳು. ಮಗು ಗುಟುಕರಿಸುವ ಸದ್ದು ನಮಗಿಬ್ಬರಿಗೂ ಕೇಳಿಸುತ್ತಿತ್ತು. ನಾನು ಕಡಲ ಕಡೆ ಮುಖ ಮಾಡಿದೆ. ಎಲ್ಲ ಸರಿಹೋಯಿತು, ಇನ್ನು ಮನೆಗೆ ಹೋಗಿ ಒಲೆ ಹಚ್ಚೋಣ ಎಂದು ನನಗೆ ನಾನೇ ಹೇಳಿಕೊಂಡೆ.

"ನೀವು ಕೇಳಿದ್ದು ಕೊಟ್ಟೆ ಅಕ್ಕ. ವಾಪಸ್ ತಗೋ ಅಂದ್ರಿ, ಅದನ್ನೂ ಇಲ್ಲ ಅನ್ನಲಿಲ್ಲ" ಎಂದಳು ಅಕೆನೆತೆ. "ಈಗ ನಾನೊಂದು ಕೇಳ್ತೀನಿ."

"ಕೇಳು. ಏನು ಬೇಕಾದ್ರೂ ಕೇಳು."

"ಇನ್ಮೇಲೆ ನೀವು ನಮ್ಮನೆಗೆ ಬರಬೇಡಿ."

ಸಿಟ್ಟಿನಿಂದ ಹೇಳಿದ್ದಲ್ಲ. ಉಪ್ಪು ಇದ್ದರೆ ಒಂದು ಹಿಡಿ ಕೊಡಿ ಅನ್ನುವ ಹಾಗೆ, ನೆಂಟರು ನೆಂಟರನ್ನು ಕೇಳುವ ಹಾಗೆ, ಕಣ್ಣು ತಗ್ಗಿಸಿ ಕೇಳಿದಳು. "ಇನ್ನೊಂದ್ಸಲ ನೀವು ಹಾಗೆ ಇವಳನ್ನ ನೋಡಿದ್ರೆ, ಮತ್ತೆ ಕೊಟ್ಬಿಡ್ತೀನಿ. ನನ್ನ ಕೈಲಿ ಆಗಲ್ಲ" ಎಂದಳು.

ಕೇಳಿದ್ದನ್ನು ಇಲ್ಲ ಅನ್ನುವಂತಿಲ್ಲ. ತೆಬುರೆಯಾ ಎದ್ದಳು, ಹಿಂದೆ ಮುಂದೆ ಅಂಟಿದ ಹಸಿ ಮರಳನ್ನು ಕೊಡವಿಕೊಳ್ಳಲಿಲ್ಲ. "ಆಯ್ತು" ಎಂದಳು.

ಮಾರೆವೇಯಾ ಆ ಮನೆಗೆ ಈಗ ಬೇರೆ ಹುಡುಗಿಯನ್ನು ಕಳಿಸುತ್ತಾಳೆ. ಅವಳು ಅಕ್ಕಿ, ಎಣ್ಣೆ, ಮುಲಾಮು ತಲುಪಿಸಿ, ಎರಡು ಮಾತಾಡಿ, ತೂಕ ನೋಡಿ ಬರುತ್ತಾಳಂತೆ. ಏನನ್ನೂ ಹೊಗಳುವುದಿಲ್ಲವಂತೆ. ತೆಬುರೆಯಾ ತರಬೇತಿ ಬಿಡುತ್ತೇನೆಂದು ಮೂಲೆ ಹಿಡಿದು ಕೂತಳು. ಆ ಮಾರೆವೇಯಾ ಮನೆಗೇ ಬಂದು, ಮೂರು ಹೊತ್ತೂ ನಮ್ಮನೆಯಲ್ಲೇ ಉಂಡು, ಎಳೆದುಕೊಂಡು ಹೋದಳು. "ನಾನು ಮುಖ ಮುಚ್ಕೊಂಡಾದ್ರೂ ಪಾಠ ಹೇಳ್ತಿಲ್ವಾ, ನೀನೂ ಬಾ" ಅಂದಳು. ಈಗ ಹೋಗುತ್ತಿದ್ದಾಳೆ. ಬಾವಿಕಟ್ಟೆಯಲ್ಲಿ ಯಾರಾದರೂ ನನ್ನ ಸೊಸೆಯ ಮಡಿಲಿನ ಮಾತೆತ್ತಿದರೆ ನಾನು ಬಿಂದಿಗೆ ಎತ್ತಿಕೊಂಡು ಎದ್ದುಬರುತ್ತೇನೆ. ಇಷ್ಟು ವರ್ಷ ನಾನೇ ಎತ್ತಿಕೊಡುತ್ತಿದ್ದ ಮಾತು ಅದು, ಅವರಿಗೆ ಆಶ್ಚರ್ಯವಾಗುತ್ತದೆ.

ಆದರೆ ಚರ್ಚು ಒಂದೇ. ಕಳೆದ ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಹೊರಗೆ ಬಂದಾಗ ರೂತಾ ಅಮ್ಮನ ಕೈ ಬಿಡಿಸಿಕೊಂಡು ಓಡಿ ಬಂದಳು. ಓಡುವಷ್ಟಾಗಿದ್ದಾಳೆ. ಕೆನ್ನೆ ತುಂಬಿದೆ, ಕೂದಲು ಮಿಂಚುತ್ತಿದೆ. ನೇರ ಬಂದು ತೆಬುರೆಯಾಳ ಲಂಗ ಹಿಡಿದು ತಲೆ ಎತ್ತಿ ನೋಡಿದಳು. ಹತ್ತು ಹೆಜ್ಜೆ ಆಚೆ ಅಕೆನೆತೆ ಹೆಜ್ಜೆ ಕಿತ್ತಿಡಲಾರದೆ ನಿಂತಿದ್ದಳು.

ತೆಬುರೆಯಾ ಮಗುವಿನ ಮುಖ ನೋಡಲಿಲ್ಲ. ಬಾಗಿ ಆ ಪುಟ್ಟ ಬೆರಳುಗಳನ್ನು ಒಂದೊಂದಾಗಿ ಲಂಗದಿಂದ ಬಿಡಿಸಿ, ಅಕೆನೆತೆಗೆ ಕೇಳಿಸುವಷ್ಟು ಗಟ್ಟಿಯಾಗಿ, "ಯಾರೇ ಇವಳು, ಎಷ್ಟು ಕಪ್ಪಾಗಿದಾಳೆ, ಮೂಗು ಬೇರೆ ಸೋರ್ತಿದೆ" ಎಂದಳು.

ಮಗುವಿನ ಮೂಗು ಸೋರುತ್ತಿರಲಿಲ್ಲ. ಅಕೆನೆತೆ ಬಂದು ಅದನ್ನು ಎತ್ತಿಕೊಂಡಳು. "ಹೂಂ ಅಕ್ಕ, ತುಂಬಾ ಹಟಮಾರಿ" ಎಂದಳು. ಅವಳ ಕಣ್ಣು ತುಂಬಿತ್ತು. ನಾನು ಏನಾದರೂ ಅನ್ನಬೇಕೆಂದು, "ಬಿಸಿಲು ಜಾಸ್ತಿ ಆಯ್ತು, ನಡೀರಿ" ಎಂದೆ.